ಆನ್‌ಲೈನ್‌ನಲ್ಲಿ ಮನೆ ಬೆಲೆ ನೋಡೋರಿಗೆ ಒಂದು ಮಾತು

ಹೋದ ತಿಂಗಳು ಮೈಸೂರಿನ ನಮ್ಮ 30×40 ಮನೆಗೆ ಎಷ್ಟು ಬರಬಹುದು ಅಂತ ಎರಡು ವೆಬ್‌ಸೈಟ್‌ಗಳಲ್ಲಿ ನೋಡಿದೆ. ಎರಡರ ನಡುವೆ 22 ಲಕ್ಷ ವ್ಯತ್ಯಾಸ!

ಈ ಲೆಕ್ಕಗಳಿಗೆ ಹೆಚ್ಚಾಗಿ ಆಧಾರ ಜಾಹೀರಾತಿನಲ್ಲಿ ಮಾರುವವರು ಹೇಳುವ ರೇಟು. ಹೇಳಿದ್ದು ಬೇರೆ, ಕೈಗೆ ಬರೋದು ಬೇರೆ, ಅಲ್ವಾ? ಖಾತಾ (ಪಾಲಿಕೆಯ ಆಸ್ತಿ ದಾಖಲೆ) ಎ ನಾ, ಅಂದರೆ ಎಲ್ಲ ನಿಯಮದ ಪ್ರಕಾರ ಇದೆಯೋ, ಇಲ್ಲ ಏನಾದರೂ ಕೊರತೆ ಇರುವ ಬಿ ನಾ, ಮುಂದಿನ ರಸ್ತೆ 20 ಅಡಿಯೋ 40 ಅಡಿಯೋ, ಯಾವುದನ್ನೂ ಆ ವೆಬ್‌ಸೈಟ್‌ಗಳು ಕೇಳಲಿಲ್ಲ. ನಮ್ಮ ಗೇಟಿನ ಪಕ್ಕದಲ್ಲೇ ಟ್ರಾನ್ಸ್‌ಫಾರ್ಮರ್ ಇದೆ. ನೋಡಲು ಬಂದವರೆಲ್ಲ ಮೊದಲು ಚೌಕಾಸಿ ಶುರು ಮಾಡೋದೇ ಅದನ್ನು ತೋರಿಸಿ.

ಹಾಗಾಗಿ ಮೊದಲು ರಾಜ್ಯದ ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್ ಪೋರ್ಟಲ್‌ನಲ್ಲಿ ನಿಮ್ಮ ರಸ್ತೆಯ ಮಾರ್ಗಸೂಚಿ ದರ ನೋಡಿ. ನೋಂದಣಿಗೆ ಸರ್ಕಾರ ಇಟ್ಟಿರುವ ಕನಿಷ್ಠ ದರ ಅದು. ಮಾರುಕಟ್ಟೆ ಬೆಲೆ ಬಹಳ ಕಡೆ ಅದಕ್ಕಿಂತ ಜಾಸ್ತಿಯೇ ಇರುತ್ತೆ. ಆಮೇಲೆ ಅದೇ ಬೀದಿಯಲ್ಲಿ ಈಚೆಗೆ ಮಾರಿದವರನ್ನು ಕೇಳಿ. ಹಾಲಿನ ಬೂತ್‌ನಲ್ಲಿ ಹತ್ತು ನಿಮಿಷ ನಿಂತರೂ ಸಾಕು, ಸುದ್ದಿ ಸಿಗುತ್ತೆ!

ಫ್ಲಾಟ್ ಆದರೆ ಸೂಪರ್ ಬಿಲ್ಟ್‌ಅಪ್ ಅಳತೆ (ಮೆಟ್ಟಿಲು, ಲಿಫ್ಟ್‌ನಂಥ ಎಲ್ಲರ ಜಾಗದ ಪಾಲೂ ಸೇರಿದ್ದು) ಹಾಕಿದ್ದೀರೋ ಕಾರ್ಪೆಟ್ ಏರಿಯಾನೋ (ಮನೆ ಒಳಗಿನ ಜಾಗ ಮಾತ್ರ) ನೋಡಿಕೊಳ್ಳಿ. ಮನೆ ಒಳಗಿನ ಜಾಗ 900 ಚದರಡಿ ಇದ್ದರೂ ಜಾಹೀರಾತಿನಲ್ಲಿ 1,200 ಅಂತ ಇರಬಹುದು.

ಇನ್ನೊಂದು, ಸುಮ್ನೆ ಬೆಲೆ ನೋಡೋಕೆ ಫೋನ್ ನಂಬರ್ ಕೊಡಬೇಡಿ. ನಾನು ಕೊಟ್ಟೆ. ಬ್ರೋಕರ್‌ಗಳ ಕರೆ ಇನ್ನೂ ನಿಂತಿಲ್ಲ.