ಮಕ್ಕಳ ದಿನಚರಿಯಲ್ಲಿ ಒಂದು ಗಂಟೆಯ ಆಟ: ಪೋಷಕರು ಹೇಗೆ ನೆರವಾಗಬೇಕು?

5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಮೈ ದಣಿಯುವಂತಹ ಚಟುವಟಿಕೆಯಲ್ಲಿ ತೊಡಗಬೇಕು, ವಾರದಲ್ಲಿ ಕನಿಷ್ಠ 3 ದಿನ ಸ್ನಾಯು ಮತ್ತು ಮೂಳೆಗಳನ್ನು ಬಲಪಡಿಸುವ ಬಿರುಸಿನ ಆಟಗಳೂ ಇರಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ. ಶಾಲೆ, ಟ್ಯೂಷನ್, ಹೋಂವರ್ಕ್‌ಗಳ ನಡುವೆ ಇಷ್ಟು ಹೊತ್ತನ್ನು ಹೊಂದಿಸಿಕೊಡುವ ಹೊಣೆ ಮಗುವಿನದಲ್ಲ, ಹಿರಿಯರದು.

ಮೊದಲಿಗೆ, ಒಂದು ವಾರ ಮಗುವಿನ ದಿನಚರಿಯನ್ನು ಗಮನಿಸಿ ಬರೆದಿಟ್ಟುಕೊಳ್ಳಿ. 60 ನಿಮಿಷಗಳು ಒಂದೇ ಸಲಕ್ಕೆ ಮುಗಿಯಬೇಕೆಂದಿಲ್ಲ. ಶಾಲೆಗೆ ಚುರುಕಾಗಿ ನಡೆದುಹೋಗುವುದು, ಸೈಕಲ್ ತುಳಿಯುವುದು, ಸಂಜೆಯ ಆಟ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಮಾತನಾಡಲು ಸಾಧ್ಯವಾಗಿ, ಹಾಡಲು ಆಗದಷ್ಟು ಉಸಿರು ಏರಿದ್ದರೆ ಅದು ಮಧ್ಯಮ ಪ್ರಮಾಣದ ಶ್ರಮ. ನಾಲ್ಕು ಪದ ಆಡುವಷ್ಟರಲ್ಲೇ ಏದುಸಿರು ಬಂದರೆ ಬಿರುಸಿನ ಶ್ರಮ.

ಮುಂದಿನ ಹೆಜ್ಜೆ ಆಟದ ಆಯ್ಕೆ. ಅದನ್ನು ಮಗುವಿಗೇ ಬಿಡಿ. ದುಬಾರಿ ಕೋಚಿಂಗ್ ಬೇಕೇಬೇಕೆಂದಿಲ್ಲ. ಕೊಕ್ಕೊ ಆಟದಲ್ಲಿ ಕುಕ್ಕರಗಾಲಲ್ಲಿ ಕುಳಿತ ಹುಡುಗಿ ಬೆನ್ನ ಹಿಂದಿನಿಂದ ‘ಖೋ’ ಬಿದ್ದ ತಕ್ಷಣ ಎದ್ದು ಓಡುವುದನ್ನು ನೋಡಿ: ತೊಡೆಯ ಬಲ, ಓಟದ ವೇಗ, ಕಣ್ಣಿನ ಚುರುಕು ಎಲ್ಲವೂ ಆ ಒಂದೇ ಗಳಿಗೆಯಲ್ಲಿ ಕೆಲಸ ಮಾಡುತ್ತವೆ. ಕುಂಟೆಬಿಲ್ಲೆ ಮತ್ತು ಸ್ಕಿಪ್ಪಿಂಗ್‌ನಲ್ಲಿ ಪಾದ ನೆಲಕ್ಕೆ ತಾಗಿದಾಗಲೆಲ್ಲ ಕಾಲಿನ ಮೂಳೆಯ ಮೇಲೆ ಭಾರ ಬೀಳುವುದರಿಂದ, ಬೆಳೆಯುವ ವಯಸ್ಸಿನಲ್ಲಿ ಮೂಳೆ ಗಟ್ಟಿಯಾಗಲು ಅವು ನೆರವಾಗುತ್ತವೆ. ಸ್ಕಿಪ್ಪಿಂಗ್ ಹಗ್ಗದ ನಡುಭಾಗವನ್ನು ಮೆಟ್ಟಿ ನಿಂತಾಗ ಹಿಡಿಗಳು ಕಂಕುಳಿನವರೆಗೆ ಬಂದರೆ ಉದ್ದ ಸರಿಯಿದೆ ಎಂದರ್ಥ.

ವ್ಯಾಯಾಮವನ್ನು ಶಿಕ್ಷೆಯಾಗಿಸುವುದನ್ನು ಮಾತ್ರ ಖಂಡಿತ ಬಿಡಬೇಕು. ತಪ್ಪು ಮಾಡಿದ್ದಕ್ಕೆ ಬಸ್ಕಿ ಹೊಡೆಸಿಕೊಂಡ ಮಗು ಬಸ್ಕಿಯನ್ನು ಅವಮಾನವೆಂದೇ ನೆನಪಿಟ್ಟುಕೊಳ್ಳುತ್ತದೆ. ‘ದಪ್ಪಗಾಗಿದ್ದೀಯ, ಹೋಗಿ ಓಡು’ ಎಂಬ ಮಾತೂ ಅಷ್ಟೇ ನೋಯಿಸುತ್ತದೆ.

ಹದಿಹರೆಯಕ್ಕೆ ಕಾಲಿಡುವ ಹೆಣ್ಣುಮಕ್ಕಳ ಬಗ್ಗೆ ವಿಶೇಷ ಗಮನ ಅಗತ್ಯ, ಏಕೆಂದರೆ ಬಹಳಷ್ಟು ಹುಡುಗಿಯರು ಆಟ ಬಿಡುವುದು ಈ ಘಟ್ಟದಲ್ಲೇ. ‘ದೊಡ್ಡವಳಾದಳು, ಇನ್ನೇನು ಆಟ’ ಎನ್ನುವ ಮನೆಯ ಮಾತು, ಮುಟ್ಟಿನ ದಿನಗಳ ಆತಂಕ, ಮೈದಾನದಲ್ಲಿ ದಿಟ್ಟಿಸುವ ಕಣ್ಣುಗಳು ಇದಕ್ಕೆ ಕಾರಣ. ಹಿತವೆನಿಸುವ ಒಳ ಉಡುಪು, ಗಾಢ ಬಣ್ಣದ ಟ್ರ್ಯಾಕ್ ಪ್ಯಾಂಟ್, ಜೊತೆಗೆ ಆಡುವ ಇಬ್ಬರು ಮೂವರು ಗೆಳತಿಯರು ಇದ್ದರೆ ಅರ್ಧ ಹಿಂಜರಿಕೆ ಕಳೆಯುತ್ತದೆ. ಮುಟ್ಟಿನ ದಿನಗಳಲ್ಲೂ ದೇಹ ಒಪ್ಪಿದಷ್ಟು ಆಡಬಹುದು.

ಆಸ್ತಮಾ ಇರುವ ಮಕ್ಕಳು ವೈದ್ಯರ ಸಲಹೆ ಪಡೆದು, ಇನ್‌ಹೇಲರ್ ಜೊತೆಯಲ್ಲಿಟ್ಟುಕೊಂಡು ಆಡಲಿ. ಓಡುವಾಗ ಎದೆ ನೋವು ಬಂದರೆ ಅಥವಾ ಪ್ರಜ್ಞೆ ತಪ್ಪಿದರೆ ಆಟ ನಿಲ್ಲಿಸಿ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಎಸ್ಸೆಸ್ಸೆಲ್ಸಿ ವರ್ಷದಲ್ಲಿ ಪಿ.ಟಿ. ಪೀರಿಯಡ್ಡನ್ನು ಗಣಿತಕ್ಕೋ ವಿಜ್ಞಾನಕ್ಕೋ ಬಿಟ್ಟುಕೊಡುವ ಪರಿಪಾಠ ನಿಮ್ಮ ಮಗುವಿನ ಶಾಲೆಯಲ್ಲಿದ್ದರೆ, ಪೋಷಕರ ಸಭೆಯಲ್ಲಿ ಅಂಕಗಳ ಬಗ್ಗೆ ಕೇಳುವುದಕ್ಕೂ ಮೊದಲು ಆ ಪೀರಿಯಡ್ಡನ್ನು ಮಕ್ಕಳಿಗೆ ಮರಳಿ ಕೊಡುವಂತೆ ಕೇಳಿ.