ಬೆಂಗಳೂರಿನ ಅಡುಗೆಮನೆಯಲ್ಲಿ ಆಪಲ್ ಸೈಡರ್ ವಿನೆಗರ್: ಎಲ್ಲಿ, ಎಷ್ಟು, ಯಾವಾಗ

ಎಷ್ಟೋ ಮನೆಗಳಲ್ಲಿ ಆಪಲ್ ಸೈಡರ್ ವಿನೆಗರ್ ಬಾಟಲಿ ಇರುತ್ತದೆ, ಬೆಳಗ್ಗೆ ಬಿಸಿನೀರಿಗೆ ಬೆರೆಸಿ ಕುಡಿಯಲು ತಂದದ್ದು. ನಾನು ಅದನ್ನು ಒಲೆಯ ಪಕ್ಕದಲ್ಲೇ ಇಟ್ಟುಕೊಂಡು ಅಡುಗೆಗೆ ಬಳಸುತ್ತೇನೆ. ನಮ್ಮ ಅಡುಗೆಯಲ್ಲಿ ಹುಣಸೆ ಹುಳಿಯನ್ನು ಹಸಿವಾಸನೆ ಹೋಗುವ ತನಕ ಕುದಿಸುತ್ತೇವೆ, ನಿಂಬೆರಸವನ್ನು ಒಲೆ ಆರಿಸಿದ ಮೇಲೆ ಹಿಂಡುತ್ತೇವೆ. ಈ ವಿನೆಗರನ್ನು ಹೆಚ್ಚಾಗಿ ನಿಂಬೆಯಂತೆ ನೋಡಬೇಕು. ಅದರ ಸೇಬಿನ ಪರಿಮಳ ಬಿಸಿಗೆ ಹಾರಿಹೋಗುತ್ತದೆ, ಹತ್ತು ನಿಮಿಷ ಕುದಿಸಿದರೆ ಬರೀ ಹುಳಿ ಉಳಿಯುತ್ತದೆ. ಬರೀ ಹುಳಿಯೇ ಬೇಕಿದ್ದರೆ ಹುಣಸೆಹಣ್ಣು ಅಗ್ಗ, ರುಚಿಯೂ ಹೆಚ್ಚು.

ಕೊಳ್ಳುವಾಗ ಲೇಬಲ್ ಓದಿ. ಸೇಬಿನ ರಸವನ್ನು ಎರಡು ಸಲ ಹುದುಗಿಸಿದ್ದು ನಿಜವಾದ ಸೈಡರ್ ವಿನೆಗರ್: ಮೊದಲು ಯೀಸ್ಟ್ ಸಕ್ಕರೆಯನ್ನು ಮದ್ಯ ಮಾಡುತ್ತದೆ, ಆಮೇಲೆ ಬ್ಯಾಕ್ಟೀರಿಯಾ ಆ ಮದ್ಯವನ್ನು ಅಸಿಟಿಕ್ ಆಮ್ಲ ಮಾಡುತ್ತದೆ. ‘ಸಿಂಥೆಟಿಕ್’ ಎಂದೋ, ಸೇಬಿನ ಫ್ಲೇವರ್, ಕ್ಯಾರಮೆಲ್ ಬಣ್ಣ ಎಂದೋ ಬರೆದಿದ್ದರೆ ಬಿಡಿ. ಆಮ್ಲೀಯತೆ ಶೇ 5 ಇದ್ದರೆ ಕೆಳಗಿನ ಅಳತೆಗಳು ಸರಿಹೋಗುತ್ತವೆ, ಶೇ 4 ಇದ್ದರೆ ಕಾಲು ಭಾಗ ಹೆಚ್ಚು ಹಾಕಿ. ತಳದಲ್ಲಿ ಮಸುಕಾಗಿ ಕೂತಿರುವ ‘ಮದರ್’, ಅಂದರೆ ಹುದುಗಿಸಿದ ಬ್ಯಾಕ್ಟೀರಿಯಾದ ಪದರ, ಕೆಟ್ಟದ್ದರ ಗುರುತಲ್ಲ, ಬಾಟಲಿ ಅಲ್ಲಾಡಿಸಿ ಬಳಸಬಹುದು. ಇಲ್ಲಿ ದೊಡ್ಡ ಚಮಚವೆಂದರೆ 15 ಮಿ.ಲೀ., ಸಣ್ಣ ಚಮಚವೆಂದರೆ 5 ಮಿ.ಲೀ.

ಮೊದಲು ಕಲಿಯಬೇಕಾದದ್ದು ಈರುಳ್ಳಿ. 250 ಗ್ರಾಂ ಕೆಂಪು ಈರುಳ್ಳಿಯನ್ನು ತೆಳುವಾಗಿ ಉದ್ದುದ್ದ ಹೆಚ್ಚಿ ಗಾಜಿನ ಬಾಟಲಿಗೆ ತುಂಬಿ. 120 ಮಿ.ಲೀ. ನೀರಿಗೆ ಒಂದು ಸಣ್ಣ ಚಮಚ ಉಪ್ಪು, ಎರಡು ಸಣ್ಣ ಚಮಚ ಸಕ್ಕರೆ, ಆರೇಳು ಕಾಳುಮೆಣಸು, ಒಂದು ಲವಂಗ ಹಾಕಿ ಕುದಿಸಿ. ಒಲೆ ಆರಿಸಿ, ಆಮೇಲೆ 120 ಮಿ.ಲೀ. ವಿನೆಗರ್ ಸೇರಿಸಿ, ಬಿಸಿಯಿರುವಾಗಲೇ ಈರುಳ್ಳಿಯ ಮೇಲೆ ಸುರಿಯಿರಿ. ಅರ್ಧ ಗಂಟೆಯಲ್ಲಿ ಬಣ್ಣ ತಿಳಿಗುಲಾಬಿಗೆ ತಿರುಗುತ್ತದೆ, ಏಕೆಂದರೆ ಈರುಳ್ಳಿಯ ಕೆಂಪು ಬಣ್ಣ ಆಮ್ಲದಲ್ಲಿ ಹೀಗೆ ತೆರೆದುಕೊಳ್ಳುತ್ತದೆ. ಬೆಲ್ಲ ಹಾಕಿದರೆ ರುಚಿ ಚೆನ್ನ, ಆದರೆ ಗುಲಾಬಿ ಬಣ್ಣ ಕಂದಾಗುತ್ತದೆ. ಚಿಕ್ಕಬಳ್ಳಾಪುರ, ಕೋಲಾರದ ಕಡೆ ಬೆಳೆಯುವ ಬೆಂಗಳೂರು ರೋಸ್ ಈರುಳ್ಳಿ ಸಿಕ್ಕಿದರೆ ಬಿಡಬೇಡಿ. ಬಹುಪಾಲು ರಫ್ತಾಗುವ ಆ ಪುಟ್ಟ ಗಡ್ಡೆಗಳನ್ನು ಸಿಪ್ಪೆ ಸುಲಿದು, ಬುಡದಲ್ಲಿ ನಾಲ್ಕು ಸೀಳು ಕೊಟ್ಟು ಇಡಿಯಾಗಿಯೇ ಹಾಕಿ, ಎರಡು ದಿನ ಬಿಡಿ. ಅದರ ಖಾರ ಈ ಹುಳಿಗೆ ಹೇಳಿ ಮಾಡಿಸಿದಂತಿರುತ್ತದೆ. ಒಂದು ಎಚ್ಚರ: ನೀರು ಬೆರೆತ ಮೇಲೆ ಆಮ್ಲ ಅರ್ಧಕ್ಕೆ ಇಳಿದಿರುತ್ತದೆ. ಆದ್ದರಿಂದ ಇದು ವರ್ಷವಿಡೀ ಹೊರಗಿಡುವ ಉಪ್ಪಿನಕಾಯಲ್ಲ. ಫ್ರಿಜ್ಜಿನಲ್ಲಿಟ್ಟು ಎರಡು ವಾರದೊಳಗೆ ಮುಗಿಸಿ, ಒಣಗಿದ ಚಮಚವನ್ನೇ ಬಳಸಿ. ಬೆಳ್ಳುಳ್ಳಿ ಹಾಕಿದ್ದರೆ ಕೆಲವೊಮ್ಮೆ ಅದು ನೀಲಿ-ಹಸಿರಾಗುತ್ತದೆ. ಅದರಲ್ಲಿರುವ ಗಂಧಕದ ಅಂಶ ಆಮ್ಲದ ಜೊತೆ ಸೇರಿ ಹಾಗಾಗುವುದು, ತಿನ್ನಲು ತೊಂದರೆಯಿಲ್ಲ.

ತರಕಾರಿಗಳಲ್ಲಿ ಇದಕ್ಕೆ ಅತ್ಯುತ್ತಮ ಜೋಡಿ ಬೀಟ್‌ರೂಟ್. ಬೀಟ್‌ರೂಟಿನ ಮಣ್ಣುವಾಸನೆಗೆ ಕಾರಣವಾದ ಜಿಯೋಸ್ಮಿನ್ ಆಮ್ಲದಲ್ಲಿ ಒಡೆಯುತ್ತದೆ, ಹಾಗಾಗಿ ಬೀಟ್‌ರೂಟ್ ಮುಟ್ಟದವರೂ ತಿನ್ನುವಂತಾಗುತ್ತದೆ. ಅರ್ಧ ಕಿಲೋ ಗಡ್ಡೆಯನ್ನು ಸಿಪ್ಪೆ ಸಮೇತ ಬೇಯಿಸಿ, ಸುಲಿದು, ಹೋಳು ಮಾಡಿ, ಬೆಚ್ಚಗಿರುವಾಗಲೇ ಒಂದು ದೊಡ್ಡ ಚಮಚ ವಿನೆಗರ್ ಮತ್ತು ಉಪ್ಪು ಬೆರೆಸಿ ಹತ್ತು ನಿಮಿಷ ಬಿಡಿ. ಆಮೇಲೆ ಸಾಸಿವೆ, ಕಡಲೆಬೇಳೆ, ಕರಿಬೇವು, ಒಣಮೆಣಸಿನಕಾಯಿ ಒಗ್ಗರಣೆ ಕೊಟ್ಟು ಕಾಯಿತುರಿ ಉದುರಿಸಿ. ಎಲೆಕೋಸು, ಕ್ಯಾರೆಟ್, ಸಿಹಿಗುಂಬಳ, ಅಣಬೆ ಕೂಡ ಒಗ್ಗುತ್ತವೆ, ಇಳಿಸುವ ಮುಂಚೆ ಎರಡು ಸಣ್ಣ ಚಮಚ ಸಾಕು. ಹಸಿರು ಹುರುಳಿಕಾಯಿಗೂ ಸೊಪ್ಪಿಗೂ ಬೇಡ. ಆಮ್ಲ ತಗುಲಿದೊಡನೆ ಹಸಿರು ಕಂದುಹಸಿರಿಗೆ ತಿರುಗುತ್ತದೆ. ಹಾಕಲೇಬೇಕಿದ್ದರೆ ತಟ್ಟೆಗೆ ಬಡಿಸಿದ ಮೇಲೆ ಹಾಕಿ.

ಬೇಸಿಗೆಯಲ್ಲಿ ನಿಂಬೆಹಣ್ಣಿನ ಬೆಲೆ ಏರಿದಾಗ ಕೋಸಂಬರಿಗೂ ಇದೇ ನಡೆಯುತ್ತದೆ. ಒಂದು ಲೋಟ ನೆನೆಸಿದ ಹೆಸರುಬೇಳೆ, ಸೌತೆಕಾಯಿ, ಕ್ಯಾರೆಟ್‌ಗೆ ಎರಡು ಸಣ್ಣ ಚಮಚ ವಿನೆಗರ್, ಚಿಟಿಕೆ ಸಕ್ಕರೆ. ಉಪ್ಪು ಬಡಿಸುವಾಗಲೇ ಹಾಕಿ, ಇಲ್ಲದಿದ್ದರೆ ಸೌತೆಕಾಯಿ ನೀರು ಬಿಡುತ್ತದೆ.

ಕಾಳು ಮತ್ತು ಆಲೂಗಡ್ಡೆಯ ವಿಷಯದಲ್ಲಿ ಹೊತ್ತು ತಪ್ಪಬಾರದು. ಆಮ್ಲವಿದ್ದಲ್ಲಿ ಕಾಳು, ತರಕಾರಿಯ ಜೀವಕೋಶಗಳ ಗೋಡೆ ಕಟ್ಟಿಹಿಡಿಯುವ ಪೆಕ್ಟಿನ್ ಬೇಗ ಕರಗುವುದಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವುದರಿಂದ ತೆರೆದ ಪಾತ್ರೆಯಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ, ಕಾಳು ಬೇಯಲು ಹೇಗೂ ಹೊತ್ತು ಹಿಡಿಯುತ್ತದೆ. ಅದರ ಜೊತೆ ಹುಳಿಯೂ ಸೇರಿದರೆ ಕಡಲೆಕಾಳು ಎಷ್ಟು ಬೆಂದರೂ ಒಳಗೆ ಗಟ್ಟಿಯೇ. ಕುಕ್ಕರ್ ಇಳಿಸಿ, ಕಾಳು ಬೆರಳಿಗೆ ಹಿಸುಕಿದರೆ ಮೆತ್ತಗಾಗುತ್ತದೆ ಎಂದು ನೋಡಿದ ಮೇಲೆಯೇ ವಿನೆಗರ್. ಆಲೂಗಡ್ಡೆಯಲ್ಲಿ ಇದೇ ಗುಣವನ್ನು ಅನುಕೂಲಕ್ಕೆ ಬಳಸುತ್ತೇನೆ: ಒಂದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಹಾಕಿ ಬೇಯಿಸಿದರೆ ಹೋಳು ಮೂಲೆ ಮುರಿಯದೆ ನಿಲ್ಲುತ್ತವೆ, ಹುರಿದ ಪಲ್ಯಕ್ಕೆ ಒಳ್ಳೆಯದು. ದೋಸೆಯ ಆಲೂಗಡ್ಡೆ ಪಲ್ಯಕ್ಕೆ ಮಾತ್ರ ಬೇಡ, ಅದು ಹಿಸುಕಿದಂತೆ ಇರಬೇಕು.

ಹಂದಿ ಮಾಂಸಕ್ಕೆ ಸೇಬು ಹಳೆಯ ಜೊತೆಗಾರ, ಹಾಗಾಗಿ ಈ ವಿನೆಗರೂ ಹೊಂದುತ್ತದೆ. ಒಂದು ಕಿಲೋ, ಕೊಬ್ಬಿರುವ ಭುಜದ ಮಾಂಸವನ್ನು ದೊಡ್ಡ ತುಂಡು ಮಾಡಿಸಿ ತನ್ನಿ. ಎರಡು ದೊಡ್ಡ ಚಮಚ ವಿನೆಗರ್, ಮೂರು ಸಣ್ಣ ಚಮಚ ಉಪ್ಪು, ಅರ್ಧ ಸಣ್ಣ ಚಮಚ ಅರಿಸಿನ ಹಚ್ಚಿ ಒಂದು ಗಂಟೆ ಇಡಿ. ರಾತ್ರಿಯಿಡೀ ಬೇಡ, ಮೇಲ್ಪದರ ಪುಡಿಪುಡಿಯಾಗುತ್ತದೆ. ಮೀನಿಗಂತೂ ಹದಿನೈದು ನಿಮಿಷವೇ ಹೆಚ್ಚು. ಮೂರು ಈರುಳ್ಳಿ, ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಹುರಿದು, ಮಾಂಸ ಸೇರಿಸಿ, ಅದು ಬಿಟ್ಟ ನೀರಿನಲ್ಲೇ ಸಣ್ಣ ಉರಿಯಲ್ಲಿ ಮುಚ್ಚಿ ಬೇಯಿಸಿ, ಮುಕ್ಕಾಲು ಗಂಟೆಯ ಆಸುಪಾಸು. ತಳ ಹಿಡಿಯುವಂತಿದ್ದರೆ ಮಾತ್ರ ಬಿಸಿನೀರು. ಎರಡು ದೊಡ್ಡ ಚಮಚ ಕಾಳುಮೆಣಸು, ಒಂದು ದೊಡ್ಡ ಚಮಚ ಕೊತ್ತಂಬರಿ ಬೀಜ, ಒಂದು ಸಣ್ಣ ಚಮಚ ಜೀರಿಗೆಯನ್ನು ಕಪ್ಪಿಗೆ ತಿರುಗುವಷ್ಟು ಹುರಿದು ಪುಡಿ ಮಾಡಿ ಹಾಕಿ, ಎಣ್ಣೆ ಬಿಡುವ ತನಕ ಬಾಡಿಸಿ. ಒಲೆ ಆರಿಸಿದ ಮೇಲೆ ಇನ್ನೊಂದು ದೊಡ್ಡ ಚಮಚ ವಿನೆಗರ್. ಮೊದಲ ಪಾಲು ಕೊಬ್ಬಿನ ಭಾರವನ್ನು ಇಳಿಸಿದರೆ, ಕೊನೆಯದು ಪರಿಮಳಕ್ಕೆ. ಕೊಡವರ ಪಂದಿ ಕರಿ ಎಂದು ಇದನ್ನು ಕರೆಯಲಾರೆ. ಅದಕ್ಕೆ ಕೊಡಗಿನಲ್ಲಿ ಹುಳಿಹಣ್ಣಿನ ರಸ ಕಾಯಿಸಿ ಮಾಡುವ ಗಟ್ಟಿಯಾದ, ಕಪ್ಪನೆಯ ಕಾಚಂಪುಳಿಯೇ ಬೇಕು, ಅದರ ಆಳ ಸೈಡರ್ ವಿನೆಗರಿಗೆ ಬರುವುದಿಲ್ಲ.

ಕಾಶ್ಮೀರ, ಹಿಮಾಚಲದ ಸೇಬು ಅಗ್ಗವಾಗಿ ಬರುವ ಆಗಸ್ಟ್–ಅಕ್ಟೋಬರ್‌ನಲ್ಲಿ ಸೇಬಿನ ಗೊಜ್ಜು ಮಾಡಿ. ನಮ್ಮ ಮಾರುಕಟ್ಟೆಗೆ ಬರುವ ಸೇಬು ಸಿಹಿಯೇ ಹೆಚ್ಚು, ಇಲ್ಲದ ಹುಳಿಯನ್ನು ವಿನೆಗರ್ ತುಂಬುತ್ತದೆ. ಅರ್ಧ ಕಿಲೋ ಸೇಬನ್ನು ಮೆತ್ತಗೆ ಬೇಯಿಸಿ, 100 ಗ್ರಾಂ ಬೆಲ್ಲ, ಒಂದು ಸಣ್ಣ ಚಮಚ ಉಪ್ಪು, ಶುಂಠಿ, ಹುರಿದು ಪುಡಿ ಮಾಡಿದ ನಾಲ್ಕು ಬ್ಯಾಡಗಿ ಮೆಣಸಿನಕಾಯಿ ಸೇರಿಸಿ ಗಟ್ಟಿಯಾಗಲಿ. ಕೊನೆಯ ಎರಡು ನಿಮಿಷಕ್ಕೆ 60 ಮಿ.ಲೀ. ವಿನೆಗರ್, ಮೇಲೆ ಸಾಸಿವೆ ಒಗ್ಗರಣೆ.

ಪಾತ್ರೆ ಸ್ಟೀಲಿನದೋ ಗಾಜಿನದೋ ಇರಲಿ. ಅಲ್ಯೂಮಿನಿಯಂ, ಕಲಾಯಿ ಹೋದ ಹಿತ್ತಾಳೆ, ಕಬ್ಬಿಣದ ಬಾಣಲೆ ಹುಳಿಗೆ ಲೋಹ ಬಿಡುತ್ತವೆ, ರುಚಿಯೂ ಕೆಡುತ್ತದೆ. ಹಾಲು, ತೆಂಗಿನಹಾಲು ಇರುವ ಅಡುಗೆಗೆ ಕುದಿಯುವಾಗ ಹಾಕಿದರೆ ಒಡೆಯುತ್ತದೆ, ಆರಿದ ಮೇಲೆ ಸ್ವಲ್ಪಸ್ವಲ್ಪವೇ ಬೆರೆಸಿ. ಹುಳಿ ಮೀರಿದರೆ ಅಡುಗೆ ಸೋಡಾ ಹಾಕುವವರಿದ್ದಾರೆ, ಸಾಬೂನಿನಂಥ ರುಚಿ ಬರುತ್ತದೆ. ಒಂದಿಷ್ಟು ಬೆಲ್ಲ, ಇನ್ನೊಂದು ಹಿಡಿ ಕಾಯಿತುರಿ ಅಥವಾ ಬೇಯಿಸಿದ ತರಕಾರಿ ಸೇರಿಸಿ ಸರಿದೂಗಿಸಿ.