ಸ್ಕೂಲ್ ಡಿಸ್ಟ್ರಿಕ್ಟ್‌ನ ವರ್ಷದ ಲೆಕ್ಕ: ಕ್ಯಾಲಿಫೋರ್ನಿಯಾದ ಬೇ ಏರಿಯಾಗೆ ಹೊಸದಾಗಿ ಬಂದವರು ಓದಿಕೊಳ್ಳಬೇಕಾದದ್ದು

ಬಂದ ಮೊದಲ ವಾರದಲ್ಲೇ ಎಲ್ಲರೂ ಕೇಳುವ ಪ್ರಶ್ನೆ, "ಯಾವ ಸ್ಕೂಲ್ ಚೆನ್ನಾಗಿದೆ?" ಬಾಡಿಗೆ ಮನೆ ಹುಡುಕುವ ವೆಬ್‌ಸೈಟಿನಲ್ಲಿ ಶಾಲೆಯ ಪಕ್ಕ ಹತ್ತಕ್ಕೆ ಒಂಬತ್ತೋ ಹತ್ತೋ ಅಂತ ಇರುತ್ತದೆ. ಆ ಒಂದು ಅಂಕೆ ನೋಡಿ ಬಾಡಿಗೆ ಜಾಸ್ತಿ ಕೊಟ್ಟವರು ನಮ್ಮ ಕೂಟದಲ್ಲಿ ಬೇಕಾದಷ್ಟು ಜನ ಇದ್ದಾರೆ. ತಪ್ಪು ಅಂತ ಹೇಳುತ್ತಿಲ್ಲ. ಆದರೆ ಅದೇ ಶಾಲೆಯ ವರ್ಷದ ಲೆಕ್ಕವನ್ನು, ಅಂದರೆ ಓದು, ಹಾಜರಾತಿ ಹೇಗಿದೆ ಅನ್ನುವ ವರದಿಯನ್ನು, ಒಂದು ಅರ್ಧ ಗಂಟೆ ಕೂತು ಓದಿದವರು ಕಡಿಮೆ. ಅದು ಬಿಟ್ಟಿಯಾಗಿ ಸಿಗುತ್ತದೆ.

ಮೊದಲು ಹೆಸರಿನ ಗೊಂದಲ

ಸ್ಕೂಲ್ ಡಿಸ್ಟ್ರಿಕ್ಟ್ ಅಂದರೆ ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸಂಸ್ಥೆ. ಫ್ರೀಮಾಂಟ್ ಯೂನಿಫೈಡ್ ಅಂದರೆ ಫ್ರೀಮಾಂಟ್ ಊರಿನ ಡಿಸ್ಟ್ರಿಕ್ಟ್. ಒಂದನೇ ಕ್ಲಾಸಿಗೂ ಹನ್ನೆರಡಕ್ಕೂ ಅದೇ. ಫ್ರೀಮಾಂಟ್ ಯೂನಿಯನ್ ಹೈಸ್ಕೂಲ್ ಡಿಸ್ಟ್ರಿಕ್ಟ್ ಬೇರೆಯೇ. ಅದು ಇರುವುದು ಕೊಲ್ಲಿಯ ಆಚೆ, ಕ್ಯುಪರ್ಟಿನೋ, ಸನ್ನಿವೇಲ್ ಕಡೆ. ಫ್ರೀಮಾಂಟ್ ಹೈಸ್ಕೂಲ್ ಅನ್ನುವ ಶಾಲೆ ಇರುವುದೂ ಸನ್ನಿವೇಲ್‌ನಲ್ಲಿ! ಅಲ್ಲಿ ಎಂಟನೇ ಕ್ಲಾಸಿನವರೆಗೆ ಒಂದು ಡಿಸ್ಟ್ರಿಕ್ಟ್, ಆಮೇಲೆ ಇನ್ನೊಂದು. ಹೀಗಾಗಿ ಎರಡು ಲೆಕ್ಕ ಓದಬೇಕು. ಯಾರಾದರೂ "ಫ್ರೀಮಾಂಟ್ ಡಿಸ್ಟ್ರಿಕ್ಟ್ ಸೂಪರ್" ಅಂದರೆ ಯಾವ ಫ್ರೀಮಾಂಟ್ ಅಂತ ಕೇಳಿ.

ಶಾಲೆ ಸಿಗುವುದು ವಿಳಾಸದ ಮೇಲೆ. ಆದರೆ ಮನೆ ಆ ಶಾಲೆಯ ವ್ಯಾಪ್ತಿಯಲ್ಲಿದ್ದರೂ ಕ್ಲಾಸು ತುಂಬಿದ್ದರೆ ಅದೇ ಡಿಸ್ಟ್ರಿಕ್ಟ್‌ನ ಬೇರೆ ಶಾಲೆಗೆ ಕಳಿಸಬಹುದು. ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲೇ ಡಿಸ್ಟ್ರಿಕ್ಟ್ ಆಫೀಸಿಗೆ ಫೋನ್ ಮಾಡಿ ಜಾಗ ಇದೆಯಾ ಅಂತ ಕೇಳಿಕೊಳ್ಳಿ.

ಬಣ್ಣದ ಲೆಕ್ಕ

ಊರಲ್ಲಿ ಎಸ್‌ಎಸ್‌ಎಲ್‌ಸಿ ರಿಸಲ್ಟ್ ಬಂದ ಮರುದಿನ 625ಕ್ಕೆ 625 ತೆಗೆದವರ ಫೋಟೊ ಪೇಪರಿನಲ್ಲಿ ಬರುತ್ತದೆ, ಶಾಲೆಯ ಗೇಟಿಗೆ ಫ್ಲೆಕ್ಸ್ ಬೀಳುತ್ತದೆ. ಇಲ್ಲಿ ಹತ್ತನೇ ಕ್ಲಾಸಿಗೆ ಅಂಥ ಪಬ್ಲಿಕ್ ಪರೀಕ್ಷೆ ಇಲ್ಲ, ರ‍್ಯಾಂಕೂ ಇಲ್ಲ. ಮೂರರಿಂದ ಎಂಟನೇ ಕ್ಲಾಸಿನವರೆಗೆ ಪ್ರತಿ ವರ್ಷ, ಆಮೇಲೆ ಹನ್ನೊಂದರಲ್ಲಿ ಒಮ್ಮೆ, ಇಂಗ್ಲಿಷ್ ಮತ್ತು ಗಣಿತದಲ್ಲಿ ರಾಜ್ಯದ ಪರೀಕ್ಷೆ ಇರುತ್ತದೆ. ಮಗುವಿನ ಅಂಕ ನಿಮಗೆ ಮತ್ತು ಶಾಲೆಗೆ ಮಾತ್ರ ಗೊತ್ತಾಗುತ್ತದೆ. ಶಾಲೆಯ ಒಟ್ಟು ಲೆಕ್ಕ ಎಲ್ಲರಿಗೂ ಕಾಣುತ್ತದೆ.

ಆ ಲೆಕ್ಕ ಇರುವ ಜಾಗದ ಹೆಸರು ಕ್ಯಾಲಿಫೋರ್ನಿಯಾ ಸ್ಕೂಲ್ ಡ್ಯಾಶ್‌ಬೋರ್ಡ್. 2017ರಲ್ಲಿ ಶುರುವಾಯಿತು. ವರ್ಷದ ಕೊನೆಯ ಹೊತ್ತಿಗೆ ಹೊಸದು ಬರುತ್ತದೆ. ನೀಲಿ, ಹಸಿರು, ಹಳದಿ, ಕಿತ್ತಳೆ, ಕೆಂಪು ಅಂತ ಐದು ಬಣ್ಣ. ನೀಲಿ ಎಲ್ಲಕ್ಕಿಂತ ಮೇಲೆ, ಕೆಂಪು ಎಲ್ಲಕ್ಕಿಂತ ಕೆಳಗೆ. ಇಷ್ಟು ಎಲ್ಲರಿಗೂ ಅರ್ಥವಾಗುತ್ತದೆ. ಎಡವುವುದು ಇನ್ನೊಂದು ಕಡೆ. ಶಾಲೆ ಈ ವರ್ಷ ಎಲ್ಲಿದೆ ಅನ್ನುವುದರ ಜೊತೆಗೆ, ಹೋದ ವರ್ಷಕ್ಕಿಂತ ಏರಿತಾ ಇಳಿಯಿತಾ ಅನ್ನುವುದನ್ನೂ ಸೇರಿಸಿ ಬಣ್ಣ ಕೊಡುತ್ತಾರೆ. ತುಂಬಾ ಮೇಲಿರುವ ಶಾಲೆ ಸ್ವಲ್ಪ ಜಾರಿದರೆ ನೀಲಿ ಹೋಗಿ ಹಸಿರು ಬರಬಹುದು. ಅದನ್ನು ನೋಡಿ ಗಾಬರಿಯಾಗಬೇಡಿ. ಕೆಳಗಿದ್ದು ಮೇಲೆ ಹತ್ತುತ್ತಿರುವ ಶಾಲೆಗೆ ಹಳದಿ ಸಿಕ್ಕಿರಬಹುದು. ನನ್ನ ಅಭಿಪ್ರಾಯದಲ್ಲಿ ಅಂಥ ಶಾಲೆಗೆ ಒಮ್ಮೆ ಹೋಗಿ ಪ್ರಿನ್ಸಿಪಾಲರನ್ನು ಮಾತಾಡಿಸಿ ಬರುವುದು ಒಳ್ಳೆಯದು.

ಇನ್ನೊಂದು ವಿಷಯ. ಡ್ಯಾಶ್‌ಬೋರ್ಡಿನಲ್ಲಿ ಮಕ್ಕಳ ಲೆಕ್ಕವನ್ನು ಗುಂಪುಗುಂಪಾಗಿಯೂ ತೋರಿಸುತ್ತಾರೆ. "ಏಷ್ಯನ್" ಅನ್ನುವ ಒಂದೇ ಗುಂಪಿನಲ್ಲಿ ನಾವು, ಚೀನಾದವರು, ವಿಯೆಟ್ನಾಮಿನವರು ಎಲ್ಲರೂ ಬರುತ್ತೇವೆ. ಅದರ ಸರಾಸರಿ ನೋಡಿ ನಿಮ್ಮ ಮಗು ಹೇಗೆ ಓದೀತು ಅಂತ ಊಹಿಸಲು ಆಗುವುದಿಲ್ಲ.

ಜನವರಿಯ ಊರಿನ ಟ್ರಿಪ್

ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ನಾನೇ ಸಿಕ್ಕಿಹಾಕಿಕೊಂಡವನು. ಬಂದ ಎರಡನೇ ವರ್ಷ ಅಪ್ಪನ ಷಷ್ಠ್ಯಬ್ದಿ. ಡಿಸೆಂಬರ್ ಟಿಕೆಟ್ ದುಬಾರಿ, ಜನವರಿಯಲ್ಲಿ ಹೋದೆವು. ಮೂರು ವಾರ. ಮಗಳು ಎರಡನೇ ಕ್ಲಾಸು, "ಏನು ಮಹಾ ತಪ್ಪಿಹೋಗುತ್ತೆ" ಅಂದುಕೊಂಡು ಟೀಚರ್‌ಗೆ ಒಂದು ಇಮೇಲ್ ಹಾಕಿ ಹೊರಟೆವು. ವಾಪಸ್ ಬಂದರೆ ಅಂಚೆ ಡಬ್ಬಿಯಲ್ಲಿ ಕಾಗದ: ನಿಮ್ಮ ಮಗು ಟ್ರೂಯಂಟ್. ಟ್ರೂಯಂಟ್ ಅಂದರೆ ಸರಿಯಾದ ಕಾರಣ ಇಲ್ಲದೆ ಶಾಲೆ ತಪ್ಪಿಸುವ ಮಗು. ಇಲ್ಲಿ ಮೂರು ದಿನ ಹಾಗಾದರೆ ಸಾಕು, ಆ ಕಾಗದ ಬರುತ್ತದೆ. ಅಜ್ಜಿ ತಾತನನ್ನು ನೋಡಲು ಹೋಗಿದ್ದು ಆ ಲೆಕ್ಕದಲ್ಲಿ ಕಾರಣವೇ ಅಲ್ಲ.

ಅಲ್ಲಿಗೆ ಮುಗಿಯಲಿಲ್ಲ. ಊರಿಗೆ ಹೋಗಿದ್ದು 15 ಶಾಲೆ ದಿನ, ಆಮೇಲೆ ಜ್ವರ ನಾಲ್ಕು ದಿನ. ಒಟ್ಟು 19. ಶಾಲೆ ನಡೆಯುವುದು 180 ದಿನ. ಅದರಲ್ಲಿ ಶೇಕಡಾ 10, ಅಂದರೆ 18 ದಿನ ತಪ್ಪಿದರೆ "ಕ್ರಾನಿಕ್ ಆಬ್ಸೆಂಟಿ" ಪಟ್ಟಿಗೆ ಸೇರುತ್ತಾರೆ. ಜ್ವರಕ್ಕೆ ತಪ್ಪಿದ್ದೂ ಸೇರುತ್ತದೆ. ಎಂಟನೇ ಕ್ಲಾಸಿನವರೆಗೆ ಆ ಪಟ್ಟಿಗೂ ಡ್ಯಾಶ್‌ಬೋರ್ಡಿನಲ್ಲಿ ಬಣ್ಣ ಇದೆ. ಓದಿನಲ್ಲಿ ನೀಲಿ ಇರುವ ಶಾಲೆಗೆ ಹಾಜರಾತಿಯಲ್ಲಿ ಕಿತ್ತಳೆ ಬಿದ್ದರೆ ಅದರಲ್ಲಿ ನಮ್ಮಂಥವರ ಪಾಲೂ ಇರುತ್ತದೆ ಅಲ್ವಾ? ದುಡ್ಡಿನ ಮಾತೂ ಇದೆ. ಈ ರಾಜ್ಯದಲ್ಲಿ ಹೆಚ್ಚಿನ ಡಿಸ್ಟ್ರಿಕ್ಟ್‌ಗಳಿಗೆ ಬರುವ ಹಣ ದಿನದ ಹಾಜರಾತಿಯ ಸರಾಸರಿ ಮೇಲೆ ನಿಂತಿದೆ, ದಾಖಲಾದ ಮಕ್ಕಳ ಸಂಖ್ಯೆಯ ಮೇಲಲ್ಲ.

ದಾರಿ ಇದೆ. ಇಂಡಿಪೆಂಡೆಂಟ್ ಸ್ಟಡಿ ಅಂತ ಕೇಳಿ. ಹೊರಡುವ ಮೊದಲೇ ಆಫೀಸಿನಲ್ಲಿ ಒಪ್ಪಂದಕ್ಕೆ ಸಹಿ ಹಾಕಿಬಿಡಿ. ಟೀಚರ್ ಕೊಟ್ಟ ಕೆಲಸವನ್ನು ಮಗು ಊರಿನಲ್ಲಿ ಮುಗಿಸಿ ತಂದರೆ ಆ ದಿನಗಳು ಗೈರುಹಾಜರಿಗೆ ಸೇರುವುದಿಲ್ಲ. ಎಷ್ಟು ದಿನ ಮುಂಚೆ ಹೇಳಬೇಕು ಅನ್ನುವ ನಿಯಮ ಬೇರೆ ಬೇರೆ ಕಡೆ ಬೇರೆ ಬೇರೆ. ಟಿಕೆಟ್ ಬುಕ್ ಮಾಡಿದ ದಿನವೇ ಕೇಳಿ. ಮದುವೆ ಮನೆ ಗದ್ದಲದಲ್ಲಿ ವರ್ಕ್‌ಶೀಟ್ ಮಾಡಿಸುವುದು ಕಷ್ಟ, ನಿಜ. ವಿಮಾನದಲ್ಲೇ ಅರ್ಧ ಮುಗಿಸಿಬಿಡಿ.

ಮನೆ ಭಾಷೆ ಯಾವುದು?

ದಾಖಲಾತಿ ಅರ್ಜಿಯ ಜೊತೆ ಮನೆ ಭಾಷೆಯ ಒಂದು ಪುಟ್ಟ ಫಾರಂ ಬರುತ್ತದೆ. ಮಗು ಮೊದಲು ಕಲಿತ ಭಾಷೆ ಯಾವುದು, ಮನೆಯಲ್ಲಿ ಏನು ಮಾತಾಡುತ್ತೆ, ಇಂಥವು. "ಇಂಗ್ಲಿಷ್ ಅಂತಲೇ ಬರೆದುಬಿಡಿ, ಇಲ್ಲದಿದ್ದರೆ ಮಗುವನ್ನು ಹಿಂದೆ ಹಾಕುತ್ತಾರೆ" ಅನ್ನುವ ಸಲಹೆ ನಿಮಗೂ ಸಿಗುತ್ತದೆ. ಕೇಳಬೇಡಿ. ಕನ್ನಡ ಅಂತ ನಿಜ ಬರೆಯಿರಿ. 30 ದಿನದೊಳಗೆ ಎಲ್‌ಪ್ಯಾಕ್ ಅನ್ನುವ ಇಂಗ್ಲಿಷ್ ಪರೀಕ್ಷೆ ಮಾಡುತ್ತಾರೆ. ಇಂಗ್ಲಿಷ್ ಸಾಕಷ್ಟಿದ್ದರೆ ಅಲ್ಲಿಗೇ ಮುಗಿಯಿತು. ಇಲ್ಲದಿದ್ದರೆ ಸಹಾಯ ಸಿಗುತ್ತದೆ, ಅದೂ ಉಚಿತ. ಆಮೇಲೆ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿ, ಕಲಿತ ಮೇಲೆ ಆ ಪಟ್ಟಿಯಿಂದ ತೆಗೆಯುತ್ತಾರೆ. ಡಿಸ್ಟ್ರಿಕ್ಟ್‌ನ ವರ್ಷದ ಲೆಕ್ಕದಲ್ಲಿ ಈ ಮಕ್ಕಳ ಪ್ರಗತಿಗೂ ಒಂದು ಬಣ್ಣ ಇದೆ. ನಿಮ್ಮ ಮಗು ಈಗಷ್ಟೇ ಬಂದಿದ್ದರೆ ಮೊದಲು ನೋಡಬೇಕಾದದ್ದು ಅದನ್ನೇ.

ಹೈಸ್ಕೂಲ್ ಮಕ್ಕಳಿದ್ದರೆ

ಡಿಸ್ಟ್ರಿಕ್ಟ್‌ಗಳು ಹೆಮ್ಮೆಯಿಂದ ಹೇಳಿಕೊಳ್ಳುವುದು ಡಿಪ್ಲೊಮಾ (ಇಲ್ಲಿ ಹೈಸ್ಕೂಲ್ ಮುಗಿಸಿದ ಪ್ರಮಾಣಪತ್ರ) ಪಡೆದವರ ಪ್ರಮಾಣವನ್ನು, ನ್ಯಾಷನಲ್ ಮೆರಿಟ್ ಅನ್ನುವ ವಿದ್ಯಾರ್ಥಿವೇತನ ಸ್ಪರ್ಧೆಯ ಸೆಮಿಫೈನಲಿಸ್ಟ್‌ಗಳನ್ನು. ಎರಡನೆಯದು ಇಡೀ ದೇಶಕ್ಕೆ ಸುಮಾರು 16,000 ಮಕ್ಕಳ ವಿಷಯ. ನೀವು ಹುಡುಕಬೇಕಾದ ಸಾಲು ಎ-ಜಿ. ರಾಜ್ಯದ ಎರಡು ಸರ್ಕಾರಿ ವಿಶ್ವವಿದ್ಯಾಲಯ ವ್ಯವಸ್ಥೆಗಳಾದ ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಮತ್ತು ಕ್ಯಾಲ್ ಸ್ಟೇಟ್‌ಗೆ ಅರ್ಜಿ ಹಾಕಲು ಬೇಕಾದ 15 ಕೋರ್ಸ್‌ಗಳ ಪಟ್ಟಿ ಅದು. ಡಿ ಗ್ರೇಡ್ ಬಂದರೂ ಡಿಪ್ಲೊಮಾಗೆ ಪಾಸು, ಎ-ಜಿಗೆ ಮಾತ್ರ ಕಡಿಮೆಯೆಂದರೂ ಸಿ ಬೇಕೇ ಬೇಕು. ಹಾಗಾಗಿ ಡಿಪ್ಲೊಮಾ ಪಡೆದವರ ಪ್ರಮಾಣ ಚೆನ್ನಾಗಿದ್ದು ಎ-ಜಿ ಪ್ರಮಾಣ ಬಹಳ ಕಡಿಮೆ ಇದ್ದರೆ ಯಾಕೆ ಅಂತ ಕೌನ್ಸೆಲರ್‌ಗೆ ಕೇಳಿ. ಊರಿಂದ ಒಂಬತ್ತು, ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡ್ ತಂದವರು ಯಾವ ವಿಷಯ ಎ-ಜಿಗೆ ಲೆಕ್ಕಕ್ಕೆ ಬಂತು ಅನ್ನುವುದನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ.

ಇನ್ನು ಸೀಲ್ ಆಫ್ ಬೈಲಿಟರಸಿ. ಇಂಗ್ಲಿಷಿನ ಜೊತೆ ಇನ್ನೊಂದು ಭಾಷೆಯನ್ನು ಚೆನ್ನಾಗಿ ಓದಿ ಬರೆಯಬಲ್ಲ ಮಕ್ಕಳ ಡಿಪ್ಲೊಮಾ ಮೇಲೆ ರಾಜ್ಯ ಅಂಟಿಸುವ ಮುದ್ರೆ. ಇದಕ್ಕೆ ಮೊದಲು ಕಾನೂನು ಮಾಡಿದ್ದು ಕ್ಯಾಲಿಫೋರ್ನಿಯಾವೇ, 2011ರಲ್ಲಿ. ಕನ್ನಡಕ್ಕೆ ಇದು ಸಿಗುವುದು ಹೇಗೆ, ಯಾವ ಪರೀಕ್ಷೆಯನ್ನು ಒಪ್ಪುತ್ತಾರೆ ಅಂತ ಮಗು ಒಂಬತ್ತಕ್ಕೆ ಬಂದಾಗಲೇ ಕೌನ್ಸೆಲರ್‌ಗೆ ಕೇಳಿಡಿ. ಸುಮ್ನೆ ಮನೆಯಲ್ಲಿ ಮಾತಾಡಿದರೆ ಸಾಲದು, ಬರೆಯಲೂ ಬರಬೇಕು. ಹನ್ನೆರಡನೇ ಕ್ಲಾಸಿನ ಮಾರ್ಚ್ ತಿಂಗಳಲ್ಲಿ ಒತ್ತಕ್ಷರ ಕಲಿಸಲು ಕೂತರೆ ಆಗುವ ಕೆಲಸವಲ್ಲ.